ಬಿಡು ಅನ್ನೋ ಮಾತು

ಕುಡಿತಿನಿ ಚಿಮಣಿಯ ಹೊಗೆ ಯಾವ ಕಡೆ ವಾಲಿದೆ ಅಂತ ನೋಡಿ
ಗಾಳಿ ತಿಳಕೊಳ್ಳೋದು ನನ್ನ ಮೊದಲ ಕೆಲಸ.
ಆಮೇಲೆ ಡೀಸೆಲ್ಲು, ಆಮೇಲೆ ಡ್ರಮ್ಮು,
ಆಮೇಲೆ ಎಡಗೈ ಪಕ್ಕದ ಕತ್ತಿಯ ಹಿಡಿ.
ಮೇಲಿದ್ದವರಿಗೆ ಹಗ್ಗ ಬಿಚ್ಚಲಾಗದಿದ್ದರೆ
ಇಲ್ಲಿಂದಲೇ ಕಡಿಯೋದಕ್ಕೆ.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಡಿದಿಲ್ಲ.
ದಿನಾ ಎಣ್ಣೆ ಹಚ್ಚುತ್ತೇನೆ.

ಮೊದಲು ಸಂಡೂರಿನ ಅದಿರು ಲಾರಿ. ಅಲ್ಲಿ ಹಾರನ್ನೇ ಮಾತು.
ಈಗ ಅಂಥದೇ ಇಂಜಿನ್ನು, ಚಕ್ರವಿಲ್ಲ,
ನಿಂತಲ್ಲೇ ಗುಡುಗುತ್ತ
ಒಂದು ಕಿಲೋಮೀಟರು ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ.
ಆ ತುದಿಗೆ ಇಂಜಿನ್ನೇ ಇಲ್ಲದ ವಿಮಾನ,
ಅದರೊಳಗೆ ನಾನು ಮುಖ ನೋಡಿರದ ಒಂದು ಜೀವ.

ಅವರಿಗೆ ಕಾಣೋದು ಬರೀ ಆಕಾಶ.
ನನಗೆ ಕಾಣೋದು ಬರೀ ಹೊಟ್ಟೆ.
ರೆಕ್ಕೆ ತೂಗಿದರೆ: ಸಾಲದು ಗಾದಿಲಿಂಗಾ, ಇನ್ನಷ್ಟು.
ಬಾಲ ಆಚೀಚೆ ಆಡಿದರೆ: ಸಾಕಪ್ಪೋ, ಕಾಲು ತೆಗಿ.
ಮೀನಿನ ಜೊತೆ ಗಾಳದವನು ಮಾತಾಡಿದಂತೆ,
ಆದರೆ ಇಲ್ಲಿ ಮೀನು ಬದುಕಬೇಕು.

ಆ ಮಾರ್ಚಿನ ಬೆಳಿಗ್ಗೆ ರೇಡಿಯೋ ತುಂಬ ಕರಕರ.
ರೆಕ್ಕೆ ಹಿಡಿದು ನಿಂತ ಪಂಪಣ್ಣ ಕಿರುಚಿದ್ದು ಒಂದೇ ಮಾತು:
ಬಿಡು!
ಲಾರಿಯವನ ಕಿವಿಗೆ ಬಿಡು ಅಂದರೆ ಗಾಡಿ ಬಿಡು.
ಕ್ಲೀನರ್ ಹುಡುಗ ಬಾಡಿಗೆ ಎರಡು ತಟ್ಟಿ ಹೇಳುವ ಬಿಡು.
ಕಾಲು ಊರಿದೆ.

ಅವನು ಅಂದದ್ದು ಹಗ್ಗ ಬಿಡು.
ಅಂದದ್ದು ನನಗಲ್ಲ, ಒಳಗೆ ಕೂತವಳಿಗೆ;
ಹಗ್ಗ ಗಾಲಿಗೆ ಸುತ್ತಿಕೊಂಡಿತ್ತು.

ಎರೆಮಣ್ಣು ಎದ್ದಿತು. ಒಂದು ರೆಕ್ಕೆ ನೆಲ ಗೀರಿ
ವಿಮಾನ ಗಿರಗಟ್ಟೆಯಾಯಿತು.
ಬೇಕಂತಲೇ ಬಡಕಲು ಮಾಡಿ ನಡುವೆ ಕೂಡಿಸಿದ ಕೊಂಡಿ ಇರುತ್ತದಲ್ಲ,
ಅದು ಮುರಿಯಿತು. ಮುರಿಯೋದೇ ಅದರ ನೌಕರಿ.
ಅದರಿಂದಾಗಿ ಹುಡುಗಿಯ ಕೊರಳೆಲುಬಿಗೇ ಮುಗಿಯಿತು.

ರಾತ್ರಿ ಹೆಂಡತಿ ತಟ್ಟೆ ಮುಂದಿಟ್ಟು
'ಬಿಡ್ರಿ, ಆಗಿದ್ದಾಯ್ತು' ಅಂದಳು.
ಇದು ಮೂರನೇ ಬಿಡು.
ರೊಟ್ಟಿ ಮುರಿಯಲಾಗಲಿಲ್ಲ.

ಮಾರನೇ ದಿನ ಹ್ಯಾಂಗರಿನ ಗೋಡೆಗೆ ಬೋರ್ಡು ಆನಿಸಿ
ಎಲ್ಲರೂ ಕೂತು ಮಾತು ಹುಡುಕಿದೆವು.
ಬೈದವರಿಲ್ಲ. ಅದೇ ಹೆಚ್ಚು ಉರಿಯಿತು.
'ನಡಿ' ಆಗಬಹುದೇ? ಕರಕರದಲ್ಲಿ 'ತಡಿ' ಅನ್ನಿಸುತ್ತದೆ.
'ಆಯ್ತು'? ತಯಾರಾಯ್ತೋ, ಕತೆ ಮುಗಿದೇ ಹೋಯ್ತೋ?
'ಹೂಂ' ಬೇಡವೇ ಬೇಡ, 'ಉಹೂಂ' ಅದರ ತಮ್ಮ.
ಇಷ್ಟು ದಿನ ಈ ಭಾಷೆಯಲ್ಲಿ ಸಂಸಾರ ಮಾಡಿದ್ದು ಹೇಗೋ!
ಮಧ್ಯಾಹ್ನ ಚಹಾ ಬರೋ ಹೊತ್ತಿಗೆ ಉಳಿದದ್ದು:
ಸಡಿಲ ಎಳಿ. ಪೂರಾ ಎಳಿ.
ನಿಲ್ಲು ನಿಲ್ಲು ನಿಲ್ಲು.
ಕೊನೆಯದನ್ನು ಯಾರು ಬೇಕಾದರೂ ಹೇಳಬಹುದು,
ಅಂಚಿನಲ್ಲಿ ಕುರಿ ಕಾಯೋ ಹುಡುಗನೂ.
ಯಾಕೆ ಅಂತ ನಿಂತಮೇಲೆ ಕೇಳಬೇಕು.

ಮುಂಗಾರು ದಾಟಿ ಒಂದು ದಿನ
ಹಗ್ಗದ ಗುಂಟ ಬಿಸಿಲಲ್ಲಿ ನಡಕೊಂಡು ಬಂದಳು,
ಕೌಲ್ ಬಜಾರಿನ ತಸ್ಲೀಮಾ, ಭುಜ ತುಸು ಓರೆ.
'ನೀವೇನಾ?'
'ಹೌದವ್ವಾ.' ಮುಂದೆ ಏನನ್ನಲಿ.
ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿದು ಅಂದಳು:
'ನಿಮ್ಮ ಕಾಲು ನನಗೆ ಗೊತ್ತು.
ಅರ್ಧ ಏರಿದ ಮೇಲೆ ಒಂದು ಸಲ ಹಿಂಜರೀತದೆ. ಪ್ರತಿ ಸಲ.'

ಅದು ಮೊಣಕಾಲು. ಲಾರಿಯ ಕ್ಲಚ್ಚು ತಿಂದದ್ದು ಎಡಗಾಲ,
ಅದರ ಪಾಲನ್ನೂ ಹೊತ್ತು ಸವೆದದ್ದು ಬಲಗಾಲು.
ಹೆಂಡತಿಗೂ ಹೇಳಿರಲಿಲ್ಲ; ನೌಕರಿ ಹೋದೀತೆಂದು.
ಒಂದು ಕಿಲೋಮೀಟರು ಆಚೆ, ಗಾಳಿಯಲ್ಲಿ ಬೆನ್ನು ಮೇಲೆ ಹಾಕಿ
ಈ ಹುಡುಗಿ ಅದನ್ನು ಓದಿಬಿಟ್ಟಿದ್ದಳು.

ಅವತ್ತು ಸಂಜೆ ಆಫೀಸಿಗೆ ಹೋಗಿ ನಾನೇ ಹೇಳಿದೆ.
ಎರಡು ತಿಂಗಳು ಬೇರೆಯವನು ಎಳೆದ;
ನಾನು ಹೊಗೆ ನೋಡುತ್ತ ಕೂತೆ.

ಈಗ ಮತ್ತೆ ಇಲ್ಲಿದ್ದೇನೆ. ಬೆಳಿಗ್ಗೆ ಏಳು.
'ಸಡಿಲ ಎಳಿ' ಅನ್ನುತ್ತಾಳೆ.
'ಸಡಿಲ ಎಳಿ' ಅನ್ನುತ್ತೇನೆ.
ನನ್ನದು ಅವಳಿಗೆ ಮುಟ್ಟುವ ತನಕ
ಹಗ್ಗದ ಮೇಲೊಂದು ಪುಟ್ಟ ಹಕ್ಕಿ ಕೂತಿರುತ್ತದೆ,
ಅದು ಏಳಲಿ ಅಂತ ಇಬ್ಬರೂ ಕಾಯುತ್ತೇವೆ.